ಮನೆಯನ್ನು ಕಟ್ಟಿಕೊಂಡು ಹೋಗುವ ಬಂಡಿಯ ಪೆಟ್ರೋಲು ಲೆಕ್ಕ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಗೆಯ ರಜೆ ಬಂದಿತೆಂದರೆ ಹೆದ್ದಾರಿಗಳಲ್ಲಿ ಒಂದು ವಿಶೇಷವಾದ ನೋಟವು ಕಣ್ಣಿಗೆ ಬೀಳುವುದು. ಮುಂದೆ ಒಂದು ಪಿಕಪ್ ಟ್ರಕ್ಕು. ಅದರ ಹಿಂಬದಿಯ ಕೊಂಡಿಗೆ ತಗುಲಿಕೊಂಡು, ಎರಡು ಅಥವಾ ನಾಲ್ಕು ಗಾಲಿಗಳ ಮೇಲೆ ಉರುಳುತ್ತ ಬರುವ ಒಂದು ಚಿಕ್ಕ ಮನೆ. ಮನೆಯೆಂದು ನಾವು ಅಲಂಕಾರಕ್ಕಾಗಿ ಹೇಳಿದುದಲ್ಲ. ಮಲಗುವ ಮಂಚಗಳು, ಅಡಿಗೆಯ ಒಲೆ, ರಿಫ್ರಿಜರೇಟರು, ಸ್ನಾನದ ಕೋಣೆ, ಕುಡಿಯುವ ನೀರಿನ ತೊಟ್ಟಿ, ಇಷ್ಟೆಲ್ಲವೂ ಅದರೊಳಗೆ ಇರುವುವು. ಈ ಉರುಳುವ ಮನೆಗೆ ಅಲ್ಲಿಯವರು ಟ್ರಾವೆಲ್ ಟ್ರೈಲರು ಎನ್ನುವರು. ಅದನ್ನೆಳೆಯುವ ಪಿಕಪ್ ಟ್ರಕ್ಕೆಂದರೆ, ಮುಂದುಗಡೆ ಮನೆಮಂದಿ ಕುಳಿತುಕೊಳ್ಳುವ ಕೋಣೆಯೂ ಹಿಂದುಗಡೆ ಸಾಮಾನು ಹೇರುವ ತೆರೆದ ತೊಟ್ಟಿಯೂ ಇರುವ ಬಂಡಿ. ಆ ದೇಶದಲ್ಲಿ ಇದು ಕೂಲಿಕಾರನ ಬಂಡಿಯೂ ಹೌದು, ಗೃಹಸ್ಥನ ಬಂಡಿಯೂ ಹೌದು. ಫೋರ್ಡ್ ಕಂಪೆನಿಯ ಎಫ್ ಶ್ರೇಣಿಯ ಪಿಕಪ್ಪುಗಳು ೧೯೭೭ನೆಯ ಇಸವಿಯಿಂದೀಚೆಗೆ ದಶಕಗಟ್ಟಲೆ ಅಲ್ಲಿಯ ಟ್ರಕ್ಕುಗಳಲ್ಲೆಲ್ಲ ಹೆಚ್ಚು ಮಾರಾಟವಾಗುತ್ತ ಬಂದಿರುವುವೆಂದರೆ ಈ ಬಂಡಿಯ ಮೇಲೆ ಆ ಜನರಿಗಿರುವ ಒಲವು ತಿಳಿಯುವುದು.

ನಮ್ಮ ವಾಚಕರಲ್ಲಿ ಎಷ್ಟೋ ಮಂದಿಯ ಮಕ್ಕಳು ಈಗ ಆ ದೇಶದಲ್ಲಿ ಸಂಸಾರ ಹೂಡಿರುವರು. ತಾಯಿತಂದೆಗಳು ಅಲ್ಲಿಗೆ ಹೋದಾಗ, ಹೋಟೆಲಿನ ಊಟ ಒಗ್ಗದೆಂದೂ, ಮಡಿಯ ಅಡಿಗೆಗೆ ಅನುಕೂಲವೆಂದೂ, ಇಂತಹದೊಂದು ಟ್ರೈಲರನ್ನು ಬಾಡಿಗೆಗೆ ತಂದೋ ಕೊಂಡೋ ಅವರನ್ನು ಊರೂರು ತೋರಿಸುವ ಆಸೆಯು ಮಕ್ಕಳಿಗೆ ಹುಟ್ಟುವುದು ಸಹಜ. ಆಗ ಮೊಟ್ಟಮೊದಲು ಎದುರಾಗುವ ತೊಡಕು ಪೆಟ್ರೋಲಿನದು. ಬಂಡಿಯನ್ನು ಕೊಳ್ಳುವಾಗ ಕಿಟಕಿಗೆ ಅಂಟಿಸಿದ್ದ ಚೀಟಿಯಲ್ಲಿ ಗ್ಯಾಲನ್ನಿಗೆ ೨೦ ಮೈಲಿ ಎಂದು ಬರೆದಿರುವುದು. ಟ್ರೈಲರು ತಗುಲಿದ ಮರುದಿನವೇ ಅದು ಎಂಟೊಂಬತ್ತು ಮೈಲಿಗೆ ಇಳಿಯುವುದು. ಕೊಂಡವನು ಮೊದಲು ಎಂಜಿನ್ನನ್ನು ಶಂಕಿಸುವನು. ಬಳಿಕ ಮಾರಿದವನನ್ನು ಶಂಕಿಸುವನು. ಇಬ್ಬರಲ್ಲಿಯೂ ತಪ್ಪಿಲ್ಲ. ಆ ಚೀಟಿಯ ಅಂಕಿಯು ಪರೀಕ್ಷಾಗೃಹದಲ್ಲಿ, ಉರುಳೆಗಳ ಮೇಲೆ ಗಾಲಿಯನ್ನು ತಿರುಗಿಸಿ, ಹಿಂದೆ ಯಾವುದನ್ನೂ ಕಟ್ಟದೆ ಅಳೆದುದು. ಸಾಮಾನು ಸಹಿತ ತೂಕದ ಮಿತಿ ೮,೫೦೦ ಪೌಂಡನ್ನು ಮೀರುವ ಭಾರಿಯ ಪಿಕಪ್ಪುಗಳಿಗಂತೂ ಅಂತಹ ಚೀಟಿಯನ್ನು ಅಂಟಿಸಬೇಕೆಂಬ ಕಟ್ಟಳೆಯೇ ಇಲ್ಲ.

ಇಲ್ಲಿ ಒಂದು ಮಾತು. ಅಮೆರಿಕದ ಗ್ಯಾಲನು ನಮ್ಮ ಹಿರಿಯರು ಕಂಡ ಇಂಗ್ಲಿಷ್ ಗ್ಯಾಲನ್ನಿಗಿಂತ ಚಿಕ್ಕದು. ಇದು ೩.೭೮೫ ಲೀಟರು, ಅದು ೪.೫೪೬ ಲೀಟರು. ಆದುದರಿಂದ ಗ್ಯಾಲನ್ನಿಗೆ ೨೦ ಮೈಲಿಯೆಂದರೆ ಲೀಟರಿಗೆ ಎಂಟೂವರೆ ಕಿಲೋಮೀಟರು. ೯ ಮೈಲಿಯೆಂದರೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ೨೦೨೨ರ ಜೂನ್ ತಿಂಗಳಲ್ಲಿ ಆ ದೇಶದ ಪೆಟ್ರೋಲಿನ ಸರಾಸರಿ ಬೆಲೆಯು ಮೊದಲನೆಯ ಸಲ ಗ್ಯಾಲನ್ನಿಗೆ ೫ ಡಾಲರನ್ನು ದಾಟಿದಾಗ, ಎಷ್ಟೋ ಸಂಸಾರಗಳಿಗೆ ಈ ವ್ಯತ್ಯಾಸವು ಪ್ರವಾಸಕ್ಕೆ ಹೊರಡುವುದೋ ಬಿಡುವುದೋ ಎಂಬ ಪ್ರಶ್ನೆಯೇ ಆಯಿತು.

ಹೊರೆ ಹೆಚ್ಚಿದರೆ ಎಣ್ಣೆ ಹೆಚ್ಚು ಉರಿಯುವುದು, ಇದರಲ್ಲಿ ಹೊಸದೇನು ಎಂದು ವಾಚಕರು ಕೇಳಬಹುದು. ಆದರೆ ಹೊರೆಯೆಂದರೆ ತೂಕವೆಂದು ನಾವು ತಿಳಿದಿರುವುದೇ ಈ ವಿಷಯದಲ್ಲಿ ದಾರಿ ತಪ್ಪಿಸುವುದು. ನಮ್ಮ ನಾಡಿನ ಅನುಭವವೆಲ್ಲ ಎತ್ತಿನ ಗಾಡಿಯದು, ಇಲ್ಲವೆ ಮಂಡ್ಯದ ಕಡೆ ಎರಡು ಟ್ರೈಲರುಗಳ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಗೆ ತೆವಳುವ ಟ್ರಾಕ್ಟರಿನದು. ಅವು ಹೋಗುವ ವೇಗದಲ್ಲಿ ತೂಕವೇ ಸರ್ವಸ್ವ. ಗಾಲಿ ಮಣ್ಣಿನಲ್ಲಿ ಹೂಳುವುದು, ಟೈರು ಅಮರುವುದು, ಉಬ್ಬು ಹತ್ತುವುದು, ಇವುಗಳಿಗೇ ಶಕ್ತಿಯೆಲ್ಲ ವ್ಯಯವಾಗುವುದು. ಗಾಳಿ ಎಂಬುದೊಂದು ಎದುರಿಗಿದೆಯೆಂದು ಎತ್ತಿಗೂ ತಿಳಿಯದು, ಟ್ರಾಕ್ಟರಿಗೂ ತಿಳಿಯದು. ಗಂಟೆಗೆ ೬೫ ಮೈಲಿ ಓಡುವ ಬಂಡಿಯ ಲೆಕ್ಕವೇ ಬೇರೆ.

ಈ ಎರಡು ಬಗೆಯ ತಡೆಗಳಿಗಿರುವ ಅಂತರವನ್ನು ಆಲ್‌ಫ್ರೆಡ್ ಲೆಟೂರ್ನರ್ ಎಂಬ ಫ್ರೆಂಚ್ ಬೈಸಿಕಲ್ ಪಟುವಿನ ಎರಡು ಸಾಹಸಗಳು ಚೆನ್ನಾಗಿ ತೋರಿಸಿಕೊಡುವುವು. ೧೯೪೧ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಬಳಿಯ ರಸ್ತೆಯಲ್ಲಿ ಆತನು ಗಂಟೆಗೆ ೧೦೮ ಮೈಲಿಗೂ ಮಿಗಿಲಾದ ವೇಗದಿಂದ ಬೈಸಿಕಲ್ ತುಳಿದನು. ಮನುಷ್ಯನ ಕಾಲಿಗೆ ಅಷ್ಟು ಬಲವೆಲ್ಲಿಂದ ಬಂದಿತು? ಆತನ ಮುಂದೆ ಒಂದು ಮೋಟಾರು ಬಂಡಿ ಓಡುತ್ತಿದ್ದಿತು. ಅದರ ಹಿಂಬದಿಗೆ ಗಾಳಿಯನ್ನು ತಡೆಯುವ ಒಂದು ದೊಡ್ಡ ಮರೆಯನ್ನು ಕಟ್ಟಿದ್ದರು. ಗಾಳಿಯ ಕಾಟ ತಪ್ಪಿದ ಮೇಲೆ ಆತನು ಗೆಲ್ಲಬೇಕಾದುದು ಗಾಲಿಯ ತಡೆಯೊಂದನ್ನೇ. ಮುಂದೆ ೧೯೪೭ರಲ್ಲಿ ಅದೇ ಲೆಟೂರ್ನರನು ಏರ್‌ಸ್ಟ್ರೀಮ್ ಎಂಬ ಕಂಪೆನಿಯ ಅಲ್ಯೂಮಿನಿಯಂ ಟ್ರೈಲರನ್ನೇ ತನ್ನ ಬೈಸಿಕಲ್ಲಿಗೆ ಕಟ್ಟಿ ಎಳೆದನು. ಆ ಚಿತ್ರವನ್ನು ಕಂಪೆನಿಯವರು ತಮ್ಮ ಜಾಹೀರಾತಿಗೆ ಬಳಸಿಕೊಂಡರು. ಅದು ಇಂದಿಗೂ ಪ್ರಸಿದ್ಧವಾಗಿದೆ. ಮಟ್ಟಸವಾದ ರಸ್ತೆಯಲ್ಲಿ, ಮೆಲ್ಲನೆ ಹೋಗುವುದಾದರೆ, ಒಂದು ಮನೆಯನ್ನು ಒಬ್ಬ ಮನುಷ್ಯನು ಕಾಲಿನಿಂದ ತುಳಿದು ಎಳೆಯಬಲ್ಲನು. ಅದೇ ಮನೆಯನ್ನು ಗಂಟೆಗೆ ೬೫ ಮೈಲಿ ವೇಗದಲ್ಲಿ ಎಳೆಯಲು ನೂರಾರು ಕುದುರೆಗಳ ಶಕ್ತಿಯ ಎಂಜಿನ್ನು ಬೇಕೆನ್ನುವುದು ಮುಖ್ಯವಾಗಿ ಗಾಳಿಯ ದೆಸೆಯಿಂದ.

ಗಾಳಿಯ ತಡೆಗೆ ಒಂದು ಗುಣವುಂಟು. ಅದು ವೇಗದೊಡನೆ ಸಮನಾಗಿ ಬೆಳೆಯದೆ ವೇಗದ ವರ್ಗದಂತೆ ಬೆಳೆಯುವುದು. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಗಾಲಿಯ ತಡೆಯಾದರೋ ತೂಕಕ್ಕೆ ತಕ್ಕಂತೆ ಇದ್ದು, ವೇಗ ಹೆಚ್ಚಿದಾಗ ಅಷ್ಟಾಗಿ ಏರುವುದಿಲ್ಲ. ನಾವು ಒಂದು ಸಾಧಾರಣವಾದ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದೆವು. ಟ್ರಕ್ಕು ಎರಡೂವರೆ ಟನ್ನು, ಟ್ರೈಲರು ಮೂರು ಟನ್ನು, ಒಟ್ಟು ಐದೂವರೆ ಟನ್ನು. ಟ್ರೈಲರು ಎಂಟಡಿ ಅಗಲವಿದ್ದು, ನೆಲದಿಂದ ಹತ್ತಡಿಗೂ ಮೇಲೆ ಎತ್ತರವಾಗಿ ಚೌಕನಾಗಿ ನಿಂತಿರುವುದು. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚು ಮಾತ್ರ ಗಾಲಿಗೆ ತಲಪುವುದು, ಉಳಿದುದು ಬಿಸಿಯಾಗಿ ಹಾರಿಹೋಗುವುದು. ಈ ಲೆಕ್ಕದಂತೆ ಗಂಟೆಗೆ ೫೫ ಮೈಲಿ ವೇಗದಲ್ಲಿ ಗ್ಯಾಲನ್ನಿಗೆ ಹತ್ತು ಮೈಲಿಗೆ ತುಸು ಮೇಲೆ ಬರುವುದು, ೬೫ರಲ್ಲಿ ಎಂಟಕ್ಕೆ ತುಸು ಮೇಲೆ, ೭೫ರಲ್ಲಿ ಆರೂವರೆ. ೬೫ ಮೈಲಿ ವೇಗದಲ್ಲಿ ಗಾಲಿಗೆ ಮುಟ್ಟಿದ ಶಕ್ತಿಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲನ್ನು ಗಾಳಿಯೇ ನುಂಗುವುದು.

ಇದನ್ನು ಮನೆಯ ಲೆಕ್ಕಕ್ಕೆ ತಿರುಗಿಸಿ ನೋಡೋಣ. ದಿನಕ್ಕೆ ೩೦೦ ಮೈಲಿಯ ಪ್ರಯಾಣ. ೭೫ ಮೈಲಿ ವೇಗದಲ್ಲಿ ನಾಲ್ಕು ಗಂಟೆ ಹಿಡಿಯುವುದು. ೪೫ ಗ್ಯಾಲನು ವೆಚ್ಚ. ೬೫ರಲ್ಲಿ ನಾಲ್ಕು ಗಂಟೆ ಮೂವತ್ತೇಳು ನಿಮಿಷ, ೩೬ ಗ್ಯಾಲನು. ೫೫ರಲ್ಲಿ ಐದು ಗಂಟೆ ಇಪ್ಪತ್ತೇಳು ನಿಮಿಷ; ೨೯ ಗ್ಯಾಲನು. ಅಂದರೆ ೭೫ರಿಂದ ೬೫ಕ್ಕೆ ಇಳಿದವನು ಮೂವತ್ತೇಳು ನಿಮಿಷಗಳನ್ನು ಕೊಟ್ಟು ಒಂಬತ್ತು ಗ್ಯಾಲನುಗಳನ್ನು ಉಳಿಸುವನು. ಅಷ್ಟು ಹೊತ್ತನ್ನು ದಾರಿಯಲ್ಲಿ ಒಂದು ಲೋಟ ಕಾಫಿಗೆ ನಿಂತೇ ಕಳೆಯುವವರಿದ್ದಾರೆ. ೨,೦೦೦ ಮೈಲಿಯ ಪ್ರವಾಸದಲ್ಲಿ, ಗ್ಯಾಲನ್ನಿಗೆ ೫ ಡಾಲರಿನ ಬೆಲೆಯಿದ್ದಾಗ, ೭೫ ಮೈಲಿ ವೇಗದವನಿಗೂ ೫೫ ಮೈಲಿ ವೇಗದವನಿಗೂ ನಡುವೆ ಬೀಳುವ ಅಂತರವು ಸುಮಾರು ೫೫೦ ಡಾಲರು. ಬಂಡಿಗೆ ಬಗೆಬಗೆಯ ಎಣ್ಣೆ, ಪುಡಿ, ಯಂತ್ರಗಳನ್ನು ಹಾಕಿಸಿ ಪೆಟ್ರೋಲು ಉಳಿಸುವೆನೆನ್ನುವವರು ಕಾಲಿನ ಕೆಳಗಿರುವ ಪೆಡಲನ್ನು ಮೊದಲು ನೋಡುವುದೊಳಿತೆಂದು ನಮಗೆ ತೋರುವುದು.

ಅಮೆರಿಕನ್ನರಿಗೆ ಈ ಸಂಗತಿ ತಿಳಿಯದುದೇನೂ ಅಲ್ಲ. ೧೯೭೩ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದಾಗ, ಮರುವರ್ಷದ ಮೊದಲಲ್ಲೇ ದೇಶದಾದ್ಯಂತ ಗಂಟೆಗೆ ೫೫ ಮೈಲಿಯ ಮಿತಿಯನ್ನು ವಿಧಿಸಿದರು. ಜನರು ಗೊಣಗುತ್ತಲೇ ಅದನ್ನು ಸಹಿಸಿದರು. ೧೯೯೫ರಲ್ಲಿ ಆ ಕಾನೂನು ರದ್ದಾಯಿತು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಾದರೋ ಟ್ರೈಲರನ್ನೆಳೆಯುವ ಬಂಡಿಗೆ ಈಗಲೂ ೫೫ ಮೈಲಿಯೇ ಮಿತಿ. ಬೇರೆ ಸಂಸ್ಥಾನಗಳಲ್ಲಿ ಕಾನೂನು ಸಡಿಲವಾಗಿದ್ದರೂ, ಟ್ರೈಲರಿನ ಟೈರುಗಳಲ್ಲಿ ಅನೇಕವು ೬೫ ಮೈಲಿಗೆ ಮೀರಿ ಓಡಿಸಲು ಮಾಡಿದುವಲ್ಲವೆಂಬುದನ್ನು ಗಮನಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ, ಗಾಳಿ ಕಡಿಮೆಯಿರುವ ಟೈರನ್ನು ೭೫ರಲ್ಲಿ ಓಡಿಸಿದವನಿಗೆ ಪೆಟ್ರೋಲಿನ ಚಿಂತೆಗಿಂತ ದೊಡ್ಡ ಚಿಂತೆ ಬಂದೊದಗುವುದು. ಟೈರಿನ ಒತ್ತಡವನ್ನು ಹೊರಡುವ ಮುನ್ನ, ಅದು ತಣ್ಣಗಿರುವಾಗಲೇ, ಅಳೆದು ಹೇಳಿದ ಪ್ರಮಾಣಕ್ಕೆ ತುಂಬತಕ್ಕದ್ದು.

ವೇಗದ ನಂತರ ಬರುವುದು ಆಕಾರ. ಪಿಕಪ್ ಟ್ರಕ್ಕಿನ ಎತ್ತರವು ಆರೂವರೆ ಅಡಿಯ ಆಸುಪಾಸಿನಲ್ಲಿರುವುದು. ಹಿಂದಿನ ಟ್ರೈಲರು ಅದಕ್ಕಿಂತ ನಾಲ್ಕಡಿ ಮೇಲೆ ಎದ್ದು ನಿಂತಿರುವುದು. ಟ್ರಕ್ಕು ಸೀಳಿಕೊಂಡು ಬಂದ ಗಾಳಿಯು ಹಿಂದೆ ಬಂದು ಈ ಗೋಡೆಗೆ ಅಪ್ಪಳಿಸುವುದು. ಆದುದರಿಂದಲೇ ಎತ್ತರವಾದ ಬರಿಯ ಪೆಟ್ಟಿಗೆಯಂತಹ ಟ್ರೈಲರು, ಒಳಗೆ ಏನೂ ಇಲ್ಲದಿದ್ದರೂ, ಕಲ್ಲು ಹೇರಿದ ತಗ್ಗಾದ ಟ್ರೈಲರಿಗಿಂತ ಸಮರಸ್ತೆಯಲ್ಲಿ ಹೆಚ್ಚು ಪೆಟ್ರೋಲು ಕುಡಿಯಬಹುದು. ಕೇಳಿದವರು ನಂಬಲಾರರು, ಓಡಿಸಿದವರು ನಂಬುವರು. ವಾಲಿ ಬಯಮ್ ಎಂಬಾತನು ೧೯೩೬ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಟ್ರೈಲರನ್ನು ಮಾರಾಟಕ್ಕೆ ತಂದಾಗ, ವಿಮಾನದ ಮೈಯಂತೆ ಅಲ್ಯೂಮಿನಿಯಂ ತಗಡನ್ನು ಬಾಗಿಸಿ, ಅಂಚುಗಳನ್ನು ದುಂಡಾಗಿಸಿ ಕಟ್ಟಿದುದು ಬರಿಯ ಅಂದಕ್ಕಾಗಿ ಅಲ್ಲ. ಆದರೆ ದುಂಡಗಿನ ಗೋಡೆಯೊಳಗೆ ಬೀರು ಕಪಾಟುಗಳನ್ನು ಕೂಡಿಸುವುದು ಕಷ್ಟ, ಬೆಲೆಯೂ ಹೆಚ್ಚು. ಆದುದರಿಂದ ಹೆಚ್ಚು ಜನರು ಚೌಕನೆಯ ಟ್ರೈಲರನ್ನೇ ಕೊಳ್ಳುವರು. ಕಡಿಮೆ ಖರ್ಚಿನವರಿಗೆ, ಬೀಡುಬಿಟ್ಟಾಗ ಎತ್ತರಿಸಿಕೊಳ್ಳುವ, ದಾರಿಯಲ್ಲಿ ಮಡಿಸಿ ತಗ್ಗಿಸುವ ಟ್ರೈಲರುಗಳು ಉಂಟು. ಅವು ಟ್ರಕ್ಕಿನ ಮರೆಯಲ್ಲೇ ಅಡಗಿ ಬರುವುದರಿಂದ ಗಾಳಿಗೆ ಸಿಕ್ಕುವುದು ಸ್ವಲ್ಪವೇ. ಟ್ರಕ್ಕು ತಯಾರಿಸುವವರ ಕೈಪಿಡಿಗಳಲ್ಲಿ ಟ್ರೈಲರಿನ ತೂಕಕ್ಕೆ ಮಾತ್ರವಲ್ಲದೆ ಅದರ ಮುಂಗೋಡೆಯ ವಿಸ್ತಾರಕ್ಕೂ ಮಿತಿಯನ್ನು ಹೇಳಿರುವುದುಂಟು. ಕೊಳ್ಳುವವರು ಆ ಪುಟವನ್ನು ತೆರೆದು ನೋಡುವುದು ವಿರಳ.

ಎದುರುಗಾಳಿಯೂ ಇದೇ ಲೆಕ್ಕಕ್ಕೆ ಸೇರಿದುದು. ಬಂಡಿಯು ೬೦ ಮೈಲಿ ವೇಗದಲ್ಲಿದ್ದು ಎದುರಿನಿಂದ ೧೫ ಮೈಲಿಯ ಗಾಳಿ ಬೀಸುತ್ತಿದ್ದರೆ, ಗಾಳಿಯ ಪಾಲಿಗೆ ಅದು ೭೫ರಲ್ಲಿ ಓಡುವ ಬಂಡಿಯೇ ಸರಿ. ತಡೆಯು ಒಂದೂವರೆ ಪಾಲಿಗಿಂತ ಹೆಚ್ಚಾಗುವುದು. ವಯೋಮಿಂಗ್ ಸಂಸ್ಥಾನದ ಬಯಲಿನ ಮೂಲಕ ಹಾಯುವ ೮೦ನೆಯ ಅಂತಸ್ಸಂಸ್ಥಾನ ಹೆದ್ದಾರಿಯಲ್ಲಿ ಗಾಳಿಯು ಜೋರಾದಾಗ, ತೂಕ ಕಡಿಮೆಯಿದ್ದು ಎತ್ತರ ಹೆಚ್ಚಿರುವ ಬಂಡಿಗಳಿಗೆ ದಾರಿಯನ್ನೇ ಮುಚ್ಚಿಬಿಡುವರು. ಗಾಳಿಯ ಮುನ್ಸೂಚನೆಯನ್ನು ನೋಡಿ ಒಂದು ದಿನ ಹಿಂದುಮುಂದಾಗಿ ಹೊರಡುವ ಅವಕಾಶವಿದ್ದರೆ, ಅದರಿಂದಾಗುವ ಉಳಿತಾಯವು ಯಾವ ಯಂತ್ರದಿಂದಲೂ ಆಗದು.

ಇಷ್ಟಾದರೂ ತೂಕವನ್ನು ಪೂರ್ತಿಯಾಗಿ ಮರೆಯತಕ್ಕುದಲ್ಲ. ಅದು ತನ್ನ ಸುಂಕವನ್ನು ವಸೂಲು ಮಾಡುವ ಸ್ಥಳಗಳು ಎರಡು: ಪಟ್ಟಣದೊಳಗೆ ನಿಂತು ನಿಂತು ಹೊರಡುವಲ್ಲಿ, ಮತ್ತು ಬೆಟ್ಟ ಹತ್ತುವಲ್ಲಿ. ಕೊಲರಾಡೋ ಸಂಸ್ಥಾನದ ಡೆನ್ವರ್ ನಗರವು ಸಮುದ್ರಮಟ್ಟದಿಂದ ೫,೨೮೦ ಅಡಿ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ೬೦ ಮೈಲಿ ಹೋದರೆ, ೧೯೭೩ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗವು ಸಿಕ್ಕುವುದು. ಅದರ ಎತ್ತರ ೧೧,೦೦೦ ಅಡಿಗೂ ಮೇಲೆ. ನಮ್ಮ ಐದೂವರೆ ಟನ್ನಿನ ಜೋಡಿಯನ್ನು ಈ ಆರು ಸಾವಿರ ಅಡಿಯಷ್ಟು ಮೇಲಕ್ಕೆ ಎತ್ತುವುದಕ್ಕೇ ಸುಮಾರು ಮೂರು ಗ್ಯಾಲನು ಪೆಟ್ರೋಲು ಬೇಕು. ರಸ್ತೆಯ ಉದ್ದಕ್ಕೂ ಗಾಳಿಯನ್ನು ಸೀಳುವ ಖರ್ಚು ಇದಕ್ಕೆ ಹೊರತು. ಎತ್ತರದ ಗಾಳಿ ತೆಳುವಾದುದರಿಂದ ತಡೆ ಸ್ವಲ್ಪ ಇಳಿಯುವುದೇನೋ ನಿಜ. ಆದರೆ ಅದೇ ತೆಳುಗಾಳಿಯನ್ನು ಉಸಿರಾಡಬೇಕಾದ ಸಾಧಾರಣ ಪೆಟ್ರೋಲು ಎಂಜಿನ್ನು ಸುರಂಗದ ಬಳಿ ತನ್ನ ಬಲದಲ್ಲಿ ಮೂರರಲ್ಲೊಂದು ಪಾಲನ್ನು ಕಳೆದುಕೊಂಡಿರುವುದು. ಹತ್ತುವಾಗ ಕೊಟ್ಟ ಪೆಟ್ರೋಲು ಇಳಿಯುವಾಗ ಮರಳಿ ಬರುವುದೆಂದು ಕೆಲವರು ಸಮಾಧಾನ ಹೇಳುವರು. ಒಂದಿಷ್ಟು ಬರುವುದು, ಉಳಿದುದು ಬ್ರೇಕಿನ ಬಿಸಿಯಾಗಿ ಹೋಗುವುದು. ಸುರಂಗದ ಆಚೆಯ ಇಳಿಜಾರಿನಲ್ಲಿ, ಬ್ರೇಕು ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲುವುದಕ್ಕೆಂದೇ ಜಲ್ಲಿಯ ದಿಬ್ಬಗಳನ್ನು ಮಾಡಿಟ್ಟಿರುವರೆಂದರೆ ಆ ಇಳಿತದ ಕಡಿದು ಎಂತಹುದೆಂಬುದನ್ನು ಊಹಿಸಬಹುದು.

ಸಾಮಾನನ್ನು ಕಡಿಮೆ ಮಾಡಬೇಕೆಂದು ಗೃಹಿಣಿಯನ್ನು ಪೀಡಿಸುವ ಯಜಮಾನರಿಗೆ ಒಂದು ಲೆಕ್ಕ ಹೇಳುವೆವು. ಟ್ರೈಲರಿನ ತೊಟ್ಟಿಯಲ್ಲಿ ೪೦ ಗ್ಯಾಲನು ನೀರು ತುಂಬಿದರೆ ಅದರ ತೂಕ ೩೩೪ ಪೌಂಡು, ಅಂದರೆ ಸುಮಾರು ೧೫೦ ಕಿಲೋಗ್ರಾಮು. ಸಮರಸ್ತೆಯಲ್ಲಿ ೬೫ ಮೈಲಿ ವೇಗದಲ್ಲಿ ಇದರಿಂದ ಹೆಚ್ಚುವ ವೆಚ್ಚವು ನೂರಕ್ಕೆ ಒಂದರಷ್ಟೂ ಇಲ್ಲ. ಡೆನ್ವರಿನಿಂದ ಸುರಂಗದವರೆಗೆ ಆ ನೀರನ್ನು ಎತ್ತುವುದಕ್ಕೆ ತಗಲುವ ಪೆಟ್ರೋಲು ಒಂದು ಲೀಟರಿನಲ್ಲಿ ಮೂರನೆಯ ಒಂದು ಪಾಲು. ಹೀಗಿರುವಾಗ ಪೆಟ್ರೋಲಿನ ನೆಪದಿಂದ ಅಕ್ಕಿಬೇಳೆಯ ಡಬ್ಬಗಳನ್ನೂ ಉಪ್ಪಿನಕಾಯಿಯ ಭರಣಿಯನ್ನೂ ಕೆಳಗಿಳಿಸಬೇಕಾದುದಿಲ್ಲ. ಸಾಮಾನಿನ ತೂಕವನ್ನು ನೋಡಬೇಕಾದುದು ಬೇರೊಂದು ಕಾರಣಕ್ಕಾಗಿ.

ನಮ್ಮ ಗಾಡಿ ಹೊಡೆಯುವವರು ಹೇರು ಹಾಕುವಾಗ ಮುಂಭಾರ ಹಿಂಭಾರಗಳನ್ನು ನೋಡಿಯೇ ಮೂಟೆಗಳನ್ನು ಜೋಡಿಸುವರು. ಹಿಂಭಾರವಾದರೆ ಮೂಕಿಯು ಮೇಲಕ್ಕೆದ್ದು ಎತ್ತುಗಳ ಕೊರಳು ಬಿಗಿಯುವುದು; ಮುಂಭಾರವಾದರೆ ಹೆಗಲು ಕುಸಿಯುವುದು. ಟ್ರೈಲರಿನ ನ್ಯಾಯವೂ ಇದೇ. ಅದರ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂತಿರಬೇಕು. ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ, ಹಿಂಭಾರ ಹೆಚ್ಚಿದರೆ, ವೇಗದಲ್ಲಿ ಟ್ರೈಲರು ಬಾಲ ಆಡಿಸಿದಂತೆ ಅತ್ತಿತ್ತ ತೂಗಾಡತೊಡಗಿ, ಕಡೆಗೆ ಎಳೆಯುವ ಟ್ರಕ್ಕನ್ನೇ ಹೊರಳಿಸಿಬಿಡುವುದು. ಟ್ರಕ್ಕಿನ ಹಿಂಭಾಗ ಕುಸಿದಂತೆ ಕಂಡರೆ ಪೆಟ್ರೋಲು ಹೆಚ್ಚು ಉರಿಯುವುದೆಂದು ಭಾವಿಸಿ, ಸಾಮಾನನ್ನು ಟ್ರೈಲರಿನ ಹಿಂಗೋಡೆಗೆ ಸರಿಸುವವರನ್ನು ಕುರಿತು ನಾವು ಕೇಳಿರುವೆವು. ಇದು ಕೈಯಾರೆ ಅಪಾಯವನ್ನು ತಂದುಕೊಂಡಂತೆ. ಲಾರಿಗಳು ತಂಗುವ ನಿಲ್ದಾಣಗಳಲ್ಲಿ ತೂಕದ ಸೇತುವೆಗಳಿರುವುವು; ಅಲ್ಪ ಹಣಕ್ಕೆ ಒಂದೊಂದು ಅಚ್ಚಿನ ಮೇಲಿನ ಭಾರವನ್ನೂ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುವರು. ಮೊದಲ ಪ್ರವಾಸಕ್ಕೆ ಮುನ್ನ ಒಂದು ಸಲ ಅಲ್ಲಿಗೆ ಹೋಗಿ ಬರಬೇಕು.

ಎಂಜಿನ್ನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. ಇದರ ಮೇಲೆ ನಡೆಯುವ ವಾದವಿವಾದಗಳಿಗೆ ಕೊನೆಯಿಲ್ಲ. ಹೊರಬೀಳುವ ಹೊಗೆಯ ರಭಸದಿಂದ ತಿರುಗಿ ಒಳಕ್ಕೆ ಗಾಳಿಯನ್ನು ಒತ್ತುವ ಟರ್ಬೋ ಎಂಬ ಸಾಧನವನ್ನು ಚಿಕ್ಕ ಪೆಟ್ರೋಲು ಎಂಜಿನ್ನುಗಳಿಗೆ ಜೋಡಿಸುವ ಪದ್ಧತಿಯು ಈಗ ಬಹಳವಾಗಿದೆ. ಬರಿಯ ಬಂಡಿಯಾಗಿ ಓಡುವಾಗ ಇವು ಮಿತವ್ಯಯಿಗಳು. ಬೆಟ್ಟದ ತೆಳುಗಾಳಿಗೂ ಅಷ್ಟಾಗಿ ಸೋಲವು. ಆದರೆ ಟ್ರೈಲರು ಕಟ್ಟಿ ಜಗ್ಗಿಸಿದಾಗ, ತಮ್ಮ ಬಿಸಿಯನ್ನು ತಣಿಸಿಕೊಳ್ಳುವುದಕ್ಕಾಗಿಯೇ ಹೆಚ್ಚಿನ ಪೆಟ್ರೋಲನ್ನು ಸುರಿದುಕೊಳ್ಳುವುವು. ಡೀಸೆಲಿನಲ್ಲಿ ಅದೇ ಅಳತೆಯ ಪೆಟ್ರೋಲಿಗಿಂತ ಸುಮಾರು ಹತ್ತಕ್ಕೊಂದು ಪಾಲು ಹೆಚ್ಚು ಶಕ್ತಿಯಿರುವುದಲ್ಲದೆ, ಡೀಸೆಲ್ ಎಂಜಿನ್ನು ಆ ಶಕ್ತಿಯನ್ನು ಬಳಸುವುದೂ ಹೆಚ್ಚು ಜಾಣತನದಿಂದ. ವರ್ಷಕ್ಕೆ ಹತ್ತಾರು ಸಾವಿರ ಮೈಲಿ ಎಳೆಯುವವನಿಗೆ ಅದು ತಕ್ಕುದು. ವರ್ಷಕ್ಕೆರಡು ಸಲ ಹೊರಡುವ ಸಂಸಾರಕ್ಕೆ, ಬಂಡಿಯ ಹೆಚ್ಚಿನ ಬೆಲೆಯನ್ನು ಉಳಿತಾಯದಿಂದ ತೀರಿಸುವುದು ಕನಸೇ ಸರಿ. ಯಾವ ಎಂಜಿನ್ನಾದರೂ, ಎಳೆತಕ್ಕೆಂದು ಕೊಟ್ಟಿರುವ ಗುಂಡಿಯನ್ನು ಒತ್ತಿ, ಗೇರು ಪದೇ ಪದೇ ಮೇಲೆ ಕೆಳಗೆ ಹಾರಾಡದಂತೆ ನೋಡಿಕೊಳ್ಳಬೇಕು. ವೇಗವನ್ನು ತಾನಾಗಿ ಕಾಯುವ ಸಾಧನವನ್ನು ಏರುದಾರಿಯಲ್ಲಿ ಬಿಟ್ಟು, ಬೆಟ್ಟ ಹತ್ತುವಾಗ ವೇಗವು ಸ್ವಲ್ಪ ಇಳಿದರೆ ಇಳಿಯಲೆಂದು ಸುಮ್ಮನಿರಬೇಕು.

ಮೈಲಿಯ ಲೆಕ್ಕವನ್ನು ಬಂಡಿಯ ಫಲಕದಲ್ಲಿ ಹೊಳೆಯುವ ಅಂಕಿಯಿಂದ ಇಡುವವರು ಹೆಚ್ಚು. ಟಾಂಕಿಯನ್ನು ತುಂಬ ತುಂಬಿಸಿ, ಮುಂದಿನ ಸಲ ಮತ್ತೆ ತುಂಬಿಸುವಾಗ ಹಿಡಿಸಿದ ಗ್ಯಾಲನುಗಳಿಂದ ನಡುವೆ ಓಡಿದ ಮೈಲಿಯನ್ನು ಭಾಗಿಸುವುದೇ ನಮಗೆ ಒಪ್ಪಿಗೆಯಾದ ಕ್ರಮ. ಒಂದು ಪುಟ್ಟ ಪುಸ್ತಕದಲ್ಲಿ, ಟ್ರೈಲರು ಇತ್ತೋ ಇಲ್ಲವೋ, ಗಾಳಿ ಎತ್ತಣಿಂದ ಬೀಸುತ್ತಿದ್ದಿತು, ಎಷ್ಟು ವೇಗದಲ್ಲಿ ಹೋದೆವು, ಎಂಬ ಮೂರು ಮಾತುಗಳನ್ನು ಆ ಅಂಕಿಯ ಮಗ್ಗುಲಲ್ಲಿ ಬರೆದಿಡಬೇಕು. ಹತ್ತು ಸಲ ತುಂಬಿಸುವುದರೊಳಗಾಗಿ, ತನ್ನ ಬಂಡಿಯು ಅತಿ ಕೆಟ್ಟ ದಿನದಲ್ಲಿ ಗ್ಯಾಲನ್ನಿಗೆ ಎಷ್ಟು ಮೈಲಿ ಹೋಗುವುದೆಂಬುದು ಯಜಮಾನನಿಗೆ ತಿಳಿದುಹೋಗುವುದು. ಸರಾಸರಿಗಿಂತ ಆ ಕೆಟ್ಟ ದಿನದ ಅಂಕಿಯೇ ಹೆಚ್ಚು ಬೆಲೆಯುಳ್ಳದ್ದು. ಏಕೆಂದರೆ ಪೆಟ್ರೋಲಿನ ಲೆಕ್ಕವು ಹಣಕ್ಕೆ ಮಾತ್ರ ಸಂಬಂಧಪಟ್ಟುದಲ್ಲ.

ಅಮೆರಿಕದ ಪಶ್ಚಿಮದಲ್ಲಿ ಊರುಗಳು ದೂರದೂರ. ನೆವಾಡಾ ಸಂಸ್ಥಾನದ ಮರುಭೂಮಿಯನ್ನು ಹಾಯುವ ೫೦ನೆಯ ಸಂಖ್ಯೆಯ ಹೆದ್ದಾರಿಗೆ ಲೈಫ್ ಎಂಬ ಪತ್ರಿಕೆಯು ೧೯೮೬ರಲ್ಲಿ ಅಮೆರಿಕದ ಅತ್ಯಂತ ಏಕಾಂತದ ರಸ್ತೆ ಎಂದು ಹೆಸರಿಟ್ಟಿತು. ಊರವರು ಅದನ್ನೇ ಬಿರುದನ್ನಾಗಿ ಮಾಡಿಕೊಂಡರು. ಆ ದಾರಿಯಲ್ಲಿ ಫಾಲನ್ ಎಂಬ ಊರನ್ನು ಬಿಟ್ಟರೆ ಆಸ್ಟಿನ್ ಎಂಬ ಊರು ಸಿಕ್ಕುವುದು ಸುಮಾರು ೧೧೦ ಮೈಲಿಯಾಚೆ. ಅಲ್ಲಿಂದ ಯುರೇಕಾ, ಅಲ್ಲಿಂದ ಈಲಿ, ಒಂದೊಂದೂ ೭೦ ಮೈಲಿಗೆ ಕಡಿಮೆಯಿಲ್ಲ. ನಡುವೆ ಬೆಟ್ಟದ ಸಾಲುಗಳನ್ನು ಒಂದಾದ ಮೇಲೊಂದು ಹತ್ತಿ ಇಳಿಯಬೇಕು. ಪಿಕಪ್ಪಿನ ಟಾಂಕಿಯಲ್ಲಿ ೨೩ ಗ್ಯಾಲನು ಹಿಡಿಯುವುದೆಂದಿಟ್ಟುಕೊಳ್ಳೋಣ. ಮುಳ್ಳು ಅರ್ಧದಲ್ಲಿರುವಾಗ ಬರಿಯ ಟ್ರಕ್ಕು ೨೩೦ ಮೈಲಿ ಹೋಗಬಲ್ಲುದು. ಫಾಲನ್ನಿನಲ್ಲಿ ನಿಲ್ಲಬೇಕಾದ ಅಗತ್ಯವೇ ಕಾಣದು. ಟ್ರೈಲರು ಕಟ್ಟಿಕೊಂಡು, ಎದುರುಗಾಳಿಯಲ್ಲಿ, ಗ್ಯಾಲನ್ನಿಗೆ ಏಳರಂತೆ ಹೋಗುವಾಗ ಅದೇ ಅರ್ಧ ಟಾಂಕಿಯು ೮೦ ಮೈಲಿಗೆ ಮುಗಿಯುವುದು. ಆಸ್ಟಿನ್ ಇನ್ನೂ ೩೦ ಮೈಲಿ ದೂರದಲ್ಲಿರುವುದು. ಬಂಡಿಯಲ್ಲಿ ಮಕ್ಕಳೂ ವಯಸ್ಸಾದವರೂ ಇರುವರು. ಬಿಸಿಲು ನೂರು ಡಿಗ್ರಿ ಫಾರನ್‌ಹೈಟಿನ ಹತ್ತಿರವಿರಬಹುದು. ಕೈಯಲ್ಲಿನ ದೂರವಾಣಿಗೆ ಅಲ್ಲಿ ಎಲ್ಲೆಡೆಯೂ ಸಂಪರ್ಕ ಸಿಕ್ಕುವುದಿಲ್ಲ.

ವಿದ್ಯುಚ್ಛಕ್ತಿಯಿಂದ ಓಡುವ ಪಿಕಪ್ಪುಗಳಲ್ಲಿ ಈ ತೊಂದರೆ ಇನ್ನೂ ತೀಕ್ಷ್ಣ. ೨೦೨೨ರಲ್ಲಿ ಮಾರಾಟಕ್ಕೆ ಬಂದ ಫೋರ್ಡ್ ಲೈಟ್ನಿಂಗ್ ಮುಂತಾದ ಬಂಡಿಗಳನ್ನು ಎತ್ತರದ ಟ್ರೈಲರಿಗೆ ಕಟ್ಟಿ ಪರೀಕ್ಷಿಸಿದವರು, ಅವು ಹೋಗಬಲ್ಲ ದೂರವು ಅರ್ಧಕ್ಕೆ ಇಳಿಯುವುದನ್ನೂ ಕೆಲವೊಮ್ಮೆ ಅದಕ್ಕೂ ಕೆಳಗಾಗುವುದನ್ನೂ ಕಂಡರು. ಗಾಳಿಯು ಪೆಟ್ರೋಲಿನ ಬಂಡಿ, ವಿದ್ಯುತ್ತಿನ ಬಂಡಿ ಎಂದು ಭೇದವೆಣಿಸುವುದಿಲ್ಲ. ಮೇಲಾಗಿ, ವಿದ್ಯುತ್ತು ತುಂಬುವ ಎಷ್ಟೋ ನಿಲ್ದಾಣಗಳಲ್ಲಿ ಒಂದು ಕಾರಿಗೆ ಸಾಲುವಷ್ಟೇ ಜಾಗವಿರುವುದರಿಂದ, ಟ್ರೈಲರನ್ನು ಬಿಚ್ಚಿ ಬದಿಗಿಟ್ಟು, ತುಂಬಿಸಿಕೊಂಡು, ಮರಳಿ ಕಟ್ಟಿಕೊಳ್ಳಬೇಕಾಗುವುದು.

ಪೆಟ್ರೋಲಿನ ಬಂಡಿಯವರಿಗೆ ಅಷ್ಟು ಪಾಡಿಲ್ಲ. ಫಾಲನ್ನಿನಲ್ಲಿ ಬೆಲೆ ನಾಲ್ಕು ಸೆಂಟು ಹೆಚ್ಚಿದ್ದರೂ ಅರ್ಧವಿರುವ ಟಾಂಕಿಯನ್ನು ಕಂಠಮಟ್ಟ ತುಂಬಿಸಿ, ಟ್ರೈಲರಿನ ಟೈರುಗಳನ್ನು ಕೈಯಿಂದ ಮುಟ್ಟಿ ನೋಡಿ, ಕುಡಿಯುವ ನೀರು ತುಂಬಿಕೊಂಡು, ಗಾಳಿ ಏಳುವ ಮೊದಲು ಬೆಳಗಿನ ಹೊತ್ತಿನಲ್ಲಿಯೇ ೫೫ ಮೈಲಿಯ ವೇಗದಲ್ಲಿ ಹೊರಟರೆ, ಹನ್ನೊಂದು ಗ್ಯಾಲನು ಖರ್ಚಾಗುವುದರೊಳಗೆ ಆಸ್ಟಿನ್ ಸಿಕ್ಕುವುದು. ಅಲ್ಲಿ ಮತ್ತೆ ತುಂಬಿಸತಕ್ಕದ್ದು.